ಡ್ರಿಬಲ್ ನಿಲ್ಲಿಸದ ಗಾರ್ಡ್: ಸ್ಟೀವ್ ನ್ಯಾಶ್ ಆಟ ಮತ್ತು ನಮ್ಮ ಸಿಮೆಂಟ್ ಕೋರ್ಟು

ಬ್ಯಾಸ್ಕೆಟ್‌ಬಾಲ್‌ನಲ್ಲಿ ಡ್ರಿಬಲ್ ಮಾಡುತ್ತ, ಅಂದರೆ ಬಾಲ್ ಕುಟ್ಟುತ್ತ, ರಿಂಗಿನ ಕಡೆ ನುಗ್ಗಿದ ಗಾರ್ಡ್‌ಗೆ ದಾರಿ ಮುಚ್ಚಿಹೋದರೆ ಏನು ಮಾಡಬೇಕು? ಮೈಸೂರು, ಮಂಡ್ಯದ ಯಾವುದಾದರೂ ಕಾಲೇಜು ಕೋರ್ಟಿನ ಪಕ್ಕ ಸಂಜೆ ಹೊತ್ತು ನಿಂತು ನೋಡಿ, ಹೆಚ್ಚುಕಮ್ಮಿ ಒಂದೇ ಉತ್ತರ ಕಾಣುತ್ತದೆ. ಹುಡುಗ ಬಲಗಡೆಯಿಂದ ಚೆನ್ನಾಗಿಯೇ ನುಗ್ಗುತ್ತಾನೆ, ತನ್ನನ್ನು ಕಾಯುತ್ತಿದ್ದವನನ್ನು ದಾಟುತ್ತಾನೆ. ಎದುರು ತಂಡದ ಎತ್ತರದ ಸೆಂಟರ್ ಅಡ್ಡ ಬಂದ ಕೂಡಲೇ ಎರಡೂ ಕೈಯಲ್ಲಿ ಬಾಲ್ ಹಿಡಿದು ನಿಂತುಬಿಡುತ್ತಾನೆ. ಅಲ್ಲಿಂದ ಮುಂದೆ ಅವನಿಗೆ ಉಳಿಯುವುದು ಒಂದು ಕಾಲೂರಿ ತಿರುಗುವ ಪಿವಟ್, ಸುತ್ತಲೂ ನಾಲ್ಕು ಕೈ ಮತ್ತು ಐದು ಸೆಕೆಂಡು. ಆ ಐದು ಸೆಕೆಂಡಿನಲ್ಲಿ ಬಾಲ್ ಕೈತಪ್ಪುತ್ತದೆ, ಇಲ್ಲವೇ ಬೋರ್ಡಿನ ಅಂಚಿಗೆ ತಗಲುವಂಥ ಶಾಟ್ ಬೀಳುತ್ತದೆ.

ಸ್ಟೀವ್ ನ್ಯಾಶ್ ಆ ಜಾಗದಲ್ಲಿ ಬಾಲ್ ಹಿಡಿಯುತ್ತಿರಲಿಲ್ಲ. ಬೋರ್ಡಿನ ಕೆಳಗೆ ನುಸುಳಿ, ಬೇಸ್‌ಲೈನ್ ಪಕ್ಕದಲ್ಲೇ ಬಾಲ್ ಕುಟ್ಟುತ್ತ ಇನ್ನೊಂದು ಬದಿಯಿಂದ ಹೊರಗೆ ಬರುತ್ತಿದ್ದರು. ಅಷ್ಟರಲ್ಲಿ ಎದುರಾಳಿ ತಂಡದ ಐದೂ ಜನ ಕತ್ತು ತಿರುಗಿಸಿ ಅವರನ್ನೇ ನೋಡುತ್ತಿರುತ್ತಿದ್ದರು, ಯಾರೋ ಒಬ್ಬ ಶೂಟರ್ ಒಂಟಿಯಾಗಿ ಉಳಿದಿರುತ್ತಿದ್ದ. ಅಮೆರಿಕದ ಕೋಚ್‌ಗಳು ಈ ಚಲನೆಯನ್ನು ಇವತ್ತಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಎರಡು ಸಲ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಅತ್ಯಮೂಲ್ಯ ಆಟಗಾರ ಎನಿಸಿಕೊಂಡವರ ವೃತ್ತಿಜೀವನವನ್ನು ಒಂದು ಡ್ರಿಬಲ್‌ನಿಂದ ವಿವರಿಸಲು ಹೊರಡುವುದು ಅತಿಯಾಯಿತು ಅನ್ನಿಸಬಹುದು. ಆದರೆ ನನ್ನ ಮಟ್ಟಿಗೆ ಅವರ ಆಟದ ಬೇರು ಅಲ್ಲೇ ಇದೆ. ಬೇರೆಯವರು ತೀರ್ಮಾನ ತೆಗೆದುಕೊಂಡು ಮುಗಿಸುವ ಹೊತ್ತಿನಲ್ಲಿ ಅವರು ಇನ್ನೂ ಒಂದೂವರೆ ಸೆಕೆಂಡು ಎಲ್ಲ ದಾರಿಗಳನ್ನೂ ತೆರೆದಿಟ್ಟುಕೊಂಡಿರುತ್ತಿದ್ದರು. ಇದಕ್ಕೆ ಎತ್ತರ ಬೇಡ, ಜಿಗಿತ ಬೇಡ. ನಮ್ಮ ಕಡೆಯ ಐದೂವರೆ ಅಡಿ, ಐದು ಮುಕ್ಕಾಲು ಅಡಿಯ ಹುಡುಗ ಹುಡುಗಿಯರಿಗೆ ಎನ್‌ಬಿಎ ಆಟಗಾರರಲ್ಲಿ ಯಾರಾದರೂ ನಿಜವಾಗಿ ಪಾಠ ಹೇಳಬಲ್ಲರೆಂದರೆ, ಅದು ಇವರು.

ಹಾಗೆಂದು ನ್ಯಾಶ್ ಕುಳ್ಳರೇನಲ್ಲ, 1.91 ಮೀಟರ್ ಎತ್ತರ. ಆದರೆ ಆ ಲೀಗಿನಲ್ಲಿ ಅದು ಸಾಧಾರಣ ಗಾರ್ಡ್‌ನ ಎತ್ತರ. ಹುಟ್ಟಿದ್ದು 1974ರ ಫೆಬ್ರುವರಿ 7ರಂದು ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಲ್ಲಿ, ಬೆಳೆದದ್ದು ಕೆನಡಾದ ಪಶ್ಚಿಮ ತೀರದ ವಿಕ್ಟೋರಿಯಾ ಊರಿನಲ್ಲಿ. ತಂದೆ ವೃತ್ತಿಪರ ಫುಟ್‌ಬಾಲ್ ಆಟಗಾರ, ತಮ್ಮ ಮಾರ್ಟಿನ್ ಕೆನಡಾ ರಾಷ್ಟ್ರೀಯ ಫುಟ್‌ಬಾಲ್ ತಂಡಕ್ಕೆ ಆಡಿದವರು. ನ್ಯಾಶ್ ಬ್ಯಾಸ್ಕೆಟ್‌ಬಾಲ್ ಹಿಡಿದಿದ್ದೇ ಹನ್ನೆರಡು, ಹದಿಮೂರರ ವಯಸ್ಸಿನಲ್ಲಿ. ಅದಕ್ಕೂ ಮುಂಚೆ ಕಾಲಿನಲ್ಲಿ ಆಡಿದ ಆಟದ ಗುರುತು ಕೊನೆಯವರೆಗೂ ಉಳಿಯಿತು. ಖಾಲಿ ಜಾಗವನ್ನು ನೋಡುವ ಅಭ್ಯಾಸ, ಆಟಗಾರ ಈಗ ಇರುವಲ್ಲಿಗಲ್ಲದೆ ಮುಂದೆ ಬರುವಲ್ಲಿಗೆ ಪಾಸ್ ಕೊಡುವುದು, ವೇಗಕ್ಕಿಂತ ವೇಗದ ಬದಲಾವಣೆಯನ್ನು ನಂಬುವುದು, ಇವೆಲ್ಲ ಫುಟ್‌ಬಾಲ್ ಮಧ್ಯಮೈದಾನದ ಗುಣಗಳು.

ಹೈಸ್ಕೂಲು ಮುಗಿದಾಗ ಅವರ ವಿಡಿಯೊ ನೋಡಿ ಸ್ಕಾಲರ್‌ಶಿಪ್ ಕೊಟ್ಟಿದ್ದು ಒಂದೇ ಅಮೆರಿಕನ್ ವಿಶ್ವವಿದ್ಯಾಲಯ, ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ. 1993ರಲ್ಲಿ ಆ ಸಣ್ಣ ತಂಡ ರಾಷ್ಟ್ರೀಯ ಕಾಲೇಜು ಟೂರ್ನಿಯಲ್ಲಿ ಬಲಾಢ್ಯ ಅರಿಜೋನಾವನ್ನು 64–61ರಿಂದ ಸೋಲಿಸಿತು. ಮೊದಲ ವರ್ಷದ ಹುಡುಗ ನ್ಯಾಶ್ ಕೊನೆಯ ಅರ್ಧ ನಿಮಿಷದಲ್ಲಿ ಆರು ಫ್ರೀ ಥ್ರೋ (ಫೌಲ್‌ಗೆ ಸಿಗುವ, ಯಾರೂ ತಡೆಯದ ಶಾಟ್) ಹಾಕಿದರು. ಆ ಕಾಲದಲ್ಲಿ ಅವರು ಕ್ಯಾಂಪಸ್ಸಿನಲ್ಲಿ ಟೆನಿಸ್ ಬಾಲನ್ನು ಡ್ರಿಬಲ್ ಮಾಡುತ್ತ ಓಡಾಡುತ್ತಿದ್ದರು ಎಂಬುದು ಎಲ್ಲರೂ ಹೇಳುವ ಸಂಗತಿ.

ಈ ಟೆನಿಸ್ ಬಾಲ್ ಅಭ್ಯಾಸವನ್ನು ಇಲ್ಲಿ ಮಾಡಲು ಹೋದವರು ಸಾಮಾನ್ಯವಾಗಿ ಒಂದು ಕಡೆ ಎಡವುತ್ತಾರೆ. ನಮ್ಮ ಮನೆಗಳಲ್ಲಿ ಇರುವುದು ಕ್ರಿಕೆಟ್ಟಿಗೆ ತಂದ ಭಾರದ ಟೆನಿಸ್ ಬಾಲ್. ಅದು ಬೇಡ, ಹಗುರ ಬಾಲ್ ಬೇಕು. ತರಿತರಿ ಕಾಂಕ್ರೀಟಿನ ಮೇಲೆಯೂ ಬೇಡ, ಯಾಕೆಂದರೆ ಪುಟಿತ ಯಾವ ಕಡೆಗಾದರೂ ಹಾರುತ್ತದೆ, ಕೈ ಕಲಿಯುವುದು ಬಿಟ್ಟು ಕಣ್ಣು ಕೆಳಗೆ ನೆಡುತ್ತದೆ. ಹಜಾರದ ನುಣುಪು ನೆಲದಲ್ಲಿ, ಮೊಣಕಾಲಿನ ಎತ್ತರಕ್ಕೆ, ಎಡಗೈಯಲ್ಲಿ ಎರಡು ನಿಮಿಷ, ಬಲಗೈಯಲ್ಲಿ ಒಂದು ನಿಮಿಷ. ಗೋಡೆಯ ಮೇಲೆ ಕ್ಯಾಲೆಂಡರ್ ಇದ್ದರೆ ಅದರ ಅಂಕಿಗಳನ್ನು ಓದುತ್ತ ಕುಟ್ಟಬೇಕು. ಉದ್ದೇಶ ಇಷ್ಟೇ: ಬೆರಳ ತುದಿಗೆ ಬಾಲ್ ಎಲ್ಲಿದೆ ಎಂದು ತಿಳಿಯುತ್ತಿರಬೇಕು, ಕಣ್ಣಿಗೆ ಆ ಕೆಲಸ ಇರಬಾರದು.

1996ರ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಲ್ಲಿ, 15ನೆಯವರಾಗಿ ಫೀನಿಕ್ಸ್ ಸನ್ಸ್ ತಂಡ ಅವರನ್ನು ಆರಿಸಿತು. ಮೊದಲ ಋತುವಿನ ಸರಾಸರಿ 3.3 ಅಂಕ, 2.1 ಅಸಿಸ್ಟ್ (ಜೊತೆಗಾರನ ಅಂಕಕ್ಕೆ ನೇರ ದಾರಿಯಾದ ಪಾಸ್). ಮುಂದೆ ಕೆವಿನ್ ಜಾನ್ಸನ್, ಆಮೇಲೆ ಜೇಸನ್ ಕಿಡ್ ಇದ್ದರು, ಆಡಲು ಸಮಯವೇ ಸಿಗಲಿಲ್ಲ. 1998ರಲ್ಲಿ ಡಲ್ಲಾಸ್‌ಗೆ ಹೋದರು. ಅಲ್ಲಿ ಮೊದಲ ವರ್ಷ ಗಾಯ, ಕೆಟ್ಟ ಶೂಟಿಂಗ್, ತಮ್ಮದೇ ತಂಡದ ಪ್ರೇಕ್ಷಕರಿಂದ ಕೂಗಾಟ. 2000–01ರಲ್ಲಿ ಡರ್ಕ್ ನೊವಿಟ್ಸ್ಕಿ ಜೊತೆಗಿನ ಆಟ ಕುದುರಿ 15.6 ಅಂಕ, 7.3 ಅಸಿಸ್ಟ್‌ಗೆ ಏರಿದರು. ಮೊದಲ ಸಲ ಆಲ್‌ಸ್ಟಾರ್ ಆಗಿದ್ದು 28ನೇ ವಯಸ್ಸಿನಲ್ಲಿ. ಹದಿನೆಂಟಕ್ಕೆ ಜಿಲ್ಲಾ ತಂಡದಲ್ಲಿ ಜಾಗ ಸಿಗದಿದ್ದರೆ ಆಟವನ್ನೇ ಬಿಟ್ಟುಬಿಡುವ ನಮ್ಮ ಮಕ್ಕಳ ಅಪ್ಪ ಅಮ್ಮಂದಿರು ಈ ವಯಸ್ಸನ್ನು ಗಮನಿಸಬೇಕು.

2004ರ ಬೇಸಿಗೆಯಲ್ಲಿ ಮೂವತ್ತಾಗಿದ್ದ, ಬೆನ್ನುನೋವಿನ ಗಾರ್ಡ್‌ಗೆ ಹೆಚ್ಚು ವರ್ಷದ ಒಪ್ಪಂದ ಕೊಡಲು ಡಲ್ಲಾಸ್ ಹಿಂದೇಟು ಹಾಕಿತು, ಫೀನಿಕ್ಸ್ ಕೊಟ್ಟಿತು. ಹಿಂದಿನ ಋತುವಿನಲ್ಲಿ 29 ಗೆಲುವು, 53 ಸೋಲು ಕಂಡಿದ್ದ ತಂಡ ಅವರು ಬಂದ ವರ್ಷ 62 ಗೆದ್ದು 20 ಸೋತಿತು. ಇದು ಒಬ್ಬರಿಂದಲೇ ಆದದ್ದಲ್ಲ. ಕೋಚ್ ಮೈಕ್ ಡಿಆಂಟೋನಿ 24 ಸೆಕೆಂಡಿನ ಗಡಿಯಾರದ ಮೊದಲ ಏಳು ಸೆಕೆಂಡಿನಲ್ಲೇ ಶಾಟ್ ಹುಡುಕಿ ಎಂದು ತಂಡವನ್ನು ಓಡಿಸಿದರು. ಅದೇ ವರ್ಷದಿಂದ ಲೀಗು, ಕೈಯಿಟ್ಟು ಗಾರ್ಡನ್ನು ತಡೆಯುವ ಡಿಫೆನ್ಸ್‌ಗೆ ಕಟ್ಟುನಿಟ್ಟಾಗಿ ಫೌಲ್ ಕೊಡಲು ಶುರುಮಾಡಿತು. ನುಗ್ಗುವ ಗಾರ್ಡ್‌ನ ಸೊಂಟದ ಮೇಲಿದ್ದ ಕೈ ತೆಗೆದರೆ ಎಷ್ಟು ವ್ಯತ್ಯಾಸ ಎನ್ನುವುದು ಆಡಿದವರಿಗೆ ಗೊತ್ತು. 2005, 2006 ಎರಡೂ ವರ್ಷ ಲೀಗಿನ ಅತ್ಯುನ್ನತ ಪ್ರಶಸ್ತಿ ನ್ಯಾಶ್‌ಗೆ ಬಂತು. ನನಗೆ ಎರಡನೆಯದೇ ಹೆಚ್ಚು ತೂಕದ್ದು: ಆ ವರ್ಷ ಅಮಾರಿ ಸ್ಟಾಡಮೈರ್ ಮೊಣಕಾಲು ಶಸ್ತ್ರಚಿಕಿತ್ಸೆಯಾಗಿ ಮೂರೇ ಪಂದ್ಯ ಆಡಿದರು, ಜೋ ಜಾನ್ಸನ್ ತಂಡ ಬಿಟ್ಟಿದ್ದರು, ಆದರೂ 54 ಗೆಲುವು ಬಂದವು.

ಈಗ ಆಟದ ಒಳಗೆ ಹೋಗೋಣ. ನ್ಯಾಶ್ ಆಟದ ಮೊದಲ ಭಾಗ ಪಿಕ್ ಅಂಡ್ ರೋಲ್: ಜೊತೆಗಾರನೊಬ್ಬ ಗಾರ್ಡ್‌ನ ಡಿಫೆಂಡರ್‌ಗೆ ಅಡ್ಡ ನಿಲ್ಲುತ್ತಾನೆ (ಇದೇ ಸ್ಕ್ರೀನ್), ಆಮೇಲೆ ರಿಂಗಿನ ಕಡೆ ತಿರುಗಿ ಓಡುತ್ತಾನೆ (ಇದೇ ರೋಲ್). ನಮ್ಮ ಕಡೆ ಇದನ್ನು ಕಲಿಸುವಾಗ ಸೆಂಟರ್ ಬಂದು ನಿಲ್ಲುತ್ತಾನೆ, ಗಾರ್ಡ್ ಪಕ್ಕದಿಂದ ಓಡುತ್ತಾನೆ, ಅಷ್ಟಕ್ಕೇ ನಿಲ್ಲಿಸುತ್ತಾರೆ. ಕೆಲಸ ಶುರುವಾಗುವುದು ಅದಕ್ಕೂ ಮುಂಚೆ. ಸ್ಕ್ರೀನ್ ಕೊಡುವವನು ಎರಡೂ ಕಾಲೂರಿ ನಿಲ್ಲುವವರೆಗೆ ಗಾರ್ಡ್ ಹೊರಡಬಾರದು. ಹೊರಟರೆ ಚಲಿಸುವ ಸ್ಕ್ರೀನ್ ಆಗಿ ಫೌಲ್ ಬೀಳುತ್ತದೆ. ಕಾಯುವ ಹೊತ್ತಿನಲ್ಲಿ ಸ್ಕ್ರೀನಿನ ವಿರುದ್ಧ ದಿಕ್ಕಿಗೆ ಒಂದು ಡ್ರಿಬಲ್ ಹಾಕಿ ತನ್ನ ಡಿಫೆಂಡರನ್ನು ಅತ್ತ ಒಂದು ಹೆಜ್ಜೆ ಎಳೆಯಬೇಕು. ಆಮೇಲೆ ತಿರುಗಿ ಹೋಗುವಾಗ ಗಾರ್ಡ್‌ನ ಭುಜ ಸ್ಕ್ರೀನ್ ಕೊಟ್ಟವನ ಸೊಂಟವನ್ನು ಸವರಿಕೊಂಡು ಹೋಗಬೇಕು. ಅಲ್ಲಿ ಒಂದು ಅಡಿ ಸಂದು ಬಿಟ್ಟರೂ ಡಿಫೆಂಡರ್ ಅದರೊಳಗೆ ನುಸುಳುತ್ತಾನೆ, ಇಡೀ ಸ್ಕ್ರೀನ್ ವ್ಯರ್ಥ.

ಸ್ಕ್ರೀನ್ ದಾಟಿದ ಮೇಲೆ ಹೆಚ್ಚಿನ ಗಾರ್ಡ್‌ಗಳು ವೇಗ ಹೆಚ್ಚಿಸುತ್ತಾರೆ. ನ್ಯಾಶ್ ಕಡಿಮೆ ಮಾಡುತ್ತಿದ್ದರು. ಹಿಂದೆ ಬೆನ್ನಟ್ಟುವ ಡಿಫೆಂಡರನ್ನು ಬೆನ್ನಿಗೆ ಅಂಟಿಸಿಕೊಂಡು, ಅವನು ಮುಂದೆ ಬರದ ಹಾಗೆ ಅಡ್ಡವಾಗಿ, ಸಣ್ಣ ಸಣ್ಣ ಡ್ರಿಬಲ್‌ನಲ್ಲಿ ನಡೆಯುತ್ತಿದ್ದರು. ಆಗ ಎದುರಿಗೆ ಉಳಿಯುವುದು ಒಬ್ಬನೇ ಸೆಂಟರ್, ಅವನು ಕಾಯಬೇಕಾದದ್ದು ಇಬ್ಬರನ್ನು. ಗಾರ್ಡ್ ನೋಡಬೇಕಾದದ್ದು ಆ ಸೆಂಟರ್‌ನ ಸೊಂಟ ಮತ್ತು ಮುಂದಿಟ್ಟ ಕಾಲು. ಅವನು ಹಿಂದೆ ಹಿಂದೆ ಸರಿದರೆ ಫ್ರೀ ಥ್ರೋ ಗೆರೆಯ ಹತ್ತಿರ ಶಾಟ್ ತೆರೆದಿದೆ. ಮುಂದೆ ನುಗ್ಗಿ ಬಂದರೆ ಅವನ ಬೆನ್ನ ಹಿಂದೆ ರೋಲ್ ಆಗುವವನಿಗೆ ಪಾಸ್. ಇಬ್ಬರು ಡಿಫೆಂಡರ್‌ಗಳು ಜಾಗ ಬದಲಾಯಿಸಿಕೊಂಡರೆ ಒಂದೆರಡು ಹೆಜ್ಜೆ ಹಿಂದೆ ಬಂದು, ನಿಧಾನದ ಸೆಂಟರನ್ನು ಎದುರಿಸಿ ಹೊಸದಾಗಿ ಶುರುಮಾಡುವುದು.

ಆ ರೋಲ್ ಪಾಸನ್ನು ನ್ಯಾಶ್ ಹೆಚ್ಚಾಗಿ ಒಂದೇ ಕೈಯಲ್ಲಿ, ಡ್ರಿಬಲ್‌ನಿಂದ ನೇರವಾಗಿ ಕೊಡುತ್ತಿದ್ದರು. ಪುಟಿದು ಮೇಲೆ ಬಂದ ಬಾಲನ್ನು ಅಂಗೈಯಲ್ಲಿ ತಡೆದು, ಎರಡನೇ ಕೈ ಸೇರಿಸದೆ, ಅಲ್ಲಿಂದಲೇ ತಳ್ಳುವುದು. ಎರಡು ಕೈ ಸೇರಿದ ಕ್ಷಣ ಡಿಫೆಂಡರ್‌ಗೆ ಪಾಸ್ ಬರುತ್ತಿದೆ ಎಂದು ಗೊತ್ತಾಗುತ್ತದೆ, ಅವನ ಕೈ ಕೆಳಗಿಳಿಯುತ್ತದೆ. ಒಂದು ಕೈಯ ಪಾಸಿನಲ್ಲಿ ಆ ಸುಳಿವು ಇಲ್ಲ. ಬಾಲ್ ನೆಲಕ್ಕೆ ತಗಲಬೇಕಾದದ್ದು ಇಬ್ಬರ ನಡುವಿನ ದೂರದ ಮೂರರಲ್ಲಿ ಎರಡು ಭಾಗ ದಾಟಿದ ಮೇಲೆ, ಆಗ ಅದು ಓಡಿಬರುವವನ ಸೊಂಟದ ಎತ್ತರಕ್ಕೆ ಏಳುತ್ತದೆ. ಹತ್ತಿರದಲ್ಲೇ ಪುಟಿಸಿದರೆ ಡಿಫೆಂಡರ್‌ನ ಮೊಣಕಾಲಿಗೆ ಬಡಿಯುತ್ತದೆ, ತೀರ ದೂರ ಪುಟಿಸಿದರೆ ಪಡೆಯುವವನ ಪಾದಕ್ಕೆ. ಇಬ್ಬರು ಜೊತೆಗಾರರು ನಾಲ್ಕು ಮೀಟರ್ ದೂರದಲ್ಲಿ ನಿಂತು, ನಡುವೆ ಒಂದು ಕುರ್ಚಿ ಇಟ್ಟು, ಅದರ ಪಕ್ಕದಿಂದ ಪ್ರತಿ ಕೈಗೆ ಇಪ್ಪತ್ತು ಪಾಸ್ ಮಾಡಿದರೆ ಸಾಕು. ಎಡಗೈ ಮೊದಲ ವಾರ ಮಾತು ಕೇಳುವುದಿಲ್ಲ. ಆಗ ದೂರವನ್ನು ಮೂರು ಮೀಟರಿಗೆ ಇಳಿಸಿ, ಅಭ್ಯಾಸ ನಿಲ್ಲಿಸಬೇಡಿ.

ಬಾಲಿನ ಗಾಳಿಯ ಬಗ್ಗೆಯೂ ಒಂದು ಮಾತು. ಪಿ.ಟಿ. ಕೋಣೆಯ ಬಾಲುಗಳು ಒಂದೋ ಮೆತ್ತಗೆ, ಇಲ್ಲವೇ ಕಲ್ಲಿನಷ್ಟು ಗಟ್ಟಿ. ತಲೆಯ ಎತ್ತರದಿಂದ ಬಿಟ್ಟ ಬಾಲ್ ಸೊಂಟಕ್ಕಿಂತ ತುಸು ಮೇಲೆ ಬರಬೇಕು. ಮೆತ್ತಗಿನ ಬಾಲಿನಲ್ಲಿ ಕಲಿತವರು ಡ್ರಿಬಲ್ಲನ್ನು ಜೋರಾಗಿ ಗುದ್ದುವ ಅಭ್ಯಾಸ ಮಾಡಿಕೊಳ್ಳುತ್ತಾರೆ, ಪಂದ್ಯದ ಬಾಲ್ ಸಿಕ್ಕಾಗ ಅದು ಎದೆಯವರೆಗೆ ಹಾರುತ್ತದೆ. ಗಂಡಸರ ಪಂದ್ಯಕ್ಕೆ 7ನೇ ಅಳತೆ, ಹೆಂಗಸರದಕ್ಕೆ 6ನೇ ಅಳತೆ. ಹುಡುಗಿಯರಿಗೆ 7ನೇ ಅಳತೆಯ ಬಾಲ್ ಕೊಟ್ಟು ಒಂದು ಕೈಯ ಪಾಸ್ ಬರುವುದಿಲ್ಲ ಎಂದು ಬೈಯುವುದು ಅನ್ಯಾಯ.

ಇನ್ನು ಬೋರ್ಡಿನ ಕೆಳಗಿನ ಆ ಡ್ರಿಬಲ್. ಅಂತರರಾಷ್ಟ್ರೀಯ ನಿಯಮದ ಕೋರ್ಟು 28 ಮೀಟರ್ ಉದ್ದ, 15 ಮೀಟರ್ ಅಗಲ. ಬೋರ್ಡಿನ ಮುಖ ಬೇಸ್‌ಲೈನ್‌ನಿಂದ 1.2 ಮೀಟರ್ ಒಳಗಿರುತ್ತದೆ, ಅದರ ಕೆಳ ಅಂಚು 2.9 ಮೀಟರ್ ಎತ್ತರದಲ್ಲಿರುತ್ತದೆ. ಅಂದರೆ ಬೋರ್ಡಿನ ಹಿಂದೆ ಆಟಕ್ಕೆ ಸಲ್ಲುವ 1.2 ಮೀಟರ್ ಅಗಲದ ಒಂದು ಓಣಿ ಇದೆ, ಅದರಲ್ಲಿ ಯಾರೂ ನಿಂತಿರುವುದಿಲ್ಲ. ಬಲಗಡೆಯಿಂದ ನುಗ್ಗಿದವನು ರಿಂಗಿನ ಕೆಳಗೆ ಬಂದ ಮೇಲೆ ಯೋಚಿಸಬಾರದು. ಅದಕ್ಕೂ ಒಂದು ಹೆಜ್ಜೆ ಮುಂಚೆ, ಸೆಂಟರ್‌ನ ಎದೆ ತನ್ನ ಕಡೆ ತಿರುಗಿದ್ದನ್ನು ಕಂಡಾಗಲೇ ತೀರ್ಮಾನಿಸಬೇಕು: ಲೇ-ಅಪ್ (ರಿಂಗಿನ ಪಕ್ಕದಿಂದ ಹಾಕುವ ಶಾಟ್) ಇಲ್ಲ, ಹಾದುಹೋಗುತ್ತೇನೆ. ಬಾಲ್ ಬಲಗೈಯಲ್ಲೇ ಇರಲಿ. ಎಡಕ್ಕೆ ತಿರುಗಿ ಬೇಸ್‌ಲೈನ್ ಪಕ್ಕ ಓಡುವಾಗ ಡಿಫೆಂಡರ್‌ಗಳೆಲ್ಲ ಎಡಗಡೆ ಇರುತ್ತಾರೆ, ಬಲಗೈ ಗೆರೆಯ ಕಡೆ ಇರುತ್ತದೆ, ನಡುವೆ ಇಡೀ ದೇಹ ಅಡ್ಡ ನಿಲ್ಲುತ್ತದೆ. ಇಲ್ಲಿ ಡ್ರಿಬಲ್ ಮೊಣಕಾಲಿಗಿಂತ ಕೆಳಗೆ, ಮೂರು ನಾಲ್ಕು ಚುರುಕು ಪುಟಿತ. ತಲೆ ಮೇಲೆ.

ತಲೆ ಮೇಲಿದ್ದರೆ ಏನು ಕಾಣುತ್ತದೆ? ಮೊದಲು, ತನ್ನ ಹಿಂದೆಯೇ ರೋಲ್ ಆಗಿ ಬರುತ್ತಿರುವ ತಂಡದ ಸೆಂಟರ್. ಎದುರಾಳಿ ಸೆಂಟರ್ ಗಾರ್ಡ್‌ನ ಜೊತೆ ಬಂದಿದ್ದರೆ ತಂಡದ ಸೆಂಟರ್ ರಿಂಗಿನ ಎದುರು ಒಂಟಿ, ಹಿಂದಕ್ಕೆ ಒಂದು ಚಿಕ್ಕ ಪಾಸ್ ಸಾಕು. ಎರಡನೆಯದು, ಎದುರಿನ ಕಾರ್ನರಿನಲ್ಲಿ ನಿಂತ ಶೂಟರ್. ಮೂರನೆಯದು, ಮೂರು ಅಂಕದ ಗೆರೆಯ ನೆತ್ತಿಯಲ್ಲಿ ನಿಧಾನವಾಗಿ ಬಂದ ಆಟಗಾರ. ಈ ಮೂರೂ ಇಲ್ಲವಾದರೆ ಎಡಗಡೆ ವಿಂಗ್‌ಗೆ ಹೊರಬಂದು, ಮತ್ತೆ ಸ್ಕ್ರೀನ್ ಕರೆಯುವುದು. ಗಡಿಯಾರದಲ್ಲಿ ಎಂಟು ಸೆಕೆಂಡಿಗಿಂತ ಕಡಿಮೆ ಉಳಿದಿದ್ದರೆ ಈ ಸುತ್ತಾಟಕ್ಕೆ ಇಳಿಯಬೇಡಿ, ಹೊರಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ.

ಇಲ್ಲಿ ಒಂದು ಕಷ್ಟವನ್ನು ಒಪ್ಪಿಕೊಳ್ಳಬೇಕು. ಎನ್‌ಬಿಎಯಲ್ಲಿ ಡಿಫೆನ್ಸ್ ಮಾಡುವ ಸೆಂಟರ್ ಯಾರನ್ನೂ ಕಾಯದೆ ಮೂರು ಸೆಕೆಂಡಿಗಿಂತ ಹೆಚ್ಚು ರಿಂಗಿನ ಮುಂದಿನ ಬಣ್ಣದ ಜಾಗದಲ್ಲಿ ನಿಲ್ಲುವಂತಿಲ್ಲ. ನಮ್ಮಲ್ಲಿ ಆಡುವ ಅಂತರರಾಷ್ಟ್ರೀಯ ನಿಯಮದಲ್ಲಿ ಆ ನಿರ್ಬಂಧ ದಾಳಿ ಮಾಡುವವರಿಗೆ ಮಾತ್ರ. ದಸರಾ ಕ್ರೀಡಾಕೂಟದಲ್ಲಾಗಲಿ, ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯದಲ್ಲಾಗಲಿ ಎತ್ತರದವನೊಬ್ಬ ಇಡೀ ಪಂದ್ಯ ರಿಂಗಿನ ಕೆಳಗೇ ನಿಲ್ಲಬಹುದು. ಹಾಗಾಗಿ ಇಲ್ಲಿ ನ್ಯಾಶ್ ಡ್ರಿಬಲ್‌ನಿಂದ ಲೇ-ಅಪ್ ಸಿಗುವುದು ಕಡಿಮೆ, ಕಾರ್ನರ್ ಶೂಟರ್‌ಗೆ ಪಾಸ್ ಸಿಗುವುದು ಹೆಚ್ಚು. ಕಾರ್ನರಿನಲ್ಲಿ ಶೂಟರ್ ಇದ್ದರೆ ಮಾತ್ರ, ಅದೂ ಅವನ ಮೇಲೆ ಎದುರಾಳಿಗೆ ಭಯ ಇದ್ದರೆ ಮಾತ್ರ ಈ ಚಲನೆಗೆ ಅರ್ಥ. ಸನ್ಸ್ ತಂಡದಲ್ಲಿ ಆ ಜಾಗದಲ್ಲಿ ಜೋ ಜಾನ್ಸನ್, ಕ್ವೆಂಟಿನ್ ರಿಚರ್ಡ್ಸನ್, ಆಮೇಲೆ ರಾಜಾ ಬೆಲ್ ಇದ್ದರು. ನಮ್ಮ ತಂಡಗಳಲ್ಲಿ ಗಾರ್ಡ್ ನುಗ್ಗಿದ ಕೂಡಲೇ ಉಳಿದ ನಾಲ್ಕೂ ಜನ ರೀಬೌಂಡ್ ಆಸೆಗೆ ರಿಂಗಿನ ಕೆಳಗೆ ಸೇರುತ್ತಾರೆ. ಅಲ್ಲಿಗೆ ಓಣಿ ಮುಚ್ಚಿತು, ಪಾಸ್ ಕೊಡಲು ಹೊರಗೆ ಯಾರೂ ಇಲ್ಲ. ತಪ್ಪು ಗಾರ್ಡ್‌ನ ತಲೆಗೆ ಬರುತ್ತದೆ, ಆದರೆ ಅದು ಅವನದಲ್ಲ. ಎರಡು ಕಾರ್ನರಿನಲ್ಲಿ ಸುಣ್ಣದಿಂದ ಒಂದೊಂದು ಗುರುತು ಹಾಕಿ, ಗಾರ್ಡ್ ಬಾಲ್ ಕುಟ್ಟುತ್ತಿರುವವರೆಗೆ ಅದರಿಂದ ಕಾಲು ತೆಗೆಯಬೇಡಿ ಎಂದು ಇಬ್ಬರಿಗೆ ಹೇಳಿ ಆಡಿಸಿ ನೋಡಿ.

ಜೊತೆಗೆ ಒಂದು ಎಚ್ಚರಿಕೆ. ನಮ್ಮ ಅನೇಕ ಶಾಲಾ ಕೋರ್ಟುಗಳಲ್ಲಿ ಬೋರ್ಡು ಹೊತ್ತ ಕಬ್ಬಿಣದ ಕಂಬ ಬೇಸ್‌ಲೈನ್‌ಗೆ ತಾಗಿಕೊಂಡೇ ಇರುತ್ತದೆ. ವೇಗವಾಗಿ ಬೋರ್ಡಿನ ಕೆಳಗೆ ತಿರುಗುವುದನ್ನು ಅಂಥ ಕಡೆ ಕಲಿಸುವ ಮುಂಚೆ ಕಂಬಕ್ಕೆ ಎರಡು ಮೀಟರ್ ಎತ್ತರದವರೆಗೆ ಹಳೇ ಹಾಸಿಗೆಯೋ ದಪ್ಪ ಫೋಮೋ ಬಿಗಿಯಾಗಿ ಸುತ್ತಬೇಕು. ಮೊದಲ ಒಂದೆರಡು ವಾರ ನಡಿಗೆಯ ವೇಗ ಸಾಕು.

ಟರ್ನೋವರ್ ವಿಷಯದಲ್ಲಿ ನ್ಯಾಶ್ ದೇವರಲ್ಲ. ಫೀನಿಕ್ಸಿನ ಆ ವರ್ಷಗಳಲ್ಲಿ ಪಂದ್ಯಕ್ಕೆ ಸರಾಸರಿ ಮೂರರಿಂದ ನಾಲ್ಕು ಬಾಲ್ ಕಳೆದುಕೊಳ್ಳುತ್ತಿದ್ದರು. ಆದರೆ ಅದರ ಎದುರಿಗೆ 2006–07ರಲ್ಲಿ ಪಂದ್ಯಕ್ಕೆ 11.6 ಅಸಿಸ್ಟ್ ಇದೆ. ಲೀಗಿನಲ್ಲಿ ಐದು ಋತು ಅಸಿಸ್ಟ್ ಸರಾಸರಿಯಲ್ಲಿ ಮೊದಲಿಗರು, ಕೊನೆಯದು 2010–11ರಲ್ಲಿ, 37ನೇ ವಯಸ್ಸಿಗೆ. ಒಂದು ಬಾಲ್ ಕಳೆದ ಕೂಡಲೇ ಗಾರ್ಡನ್ನು ಬೆಂಚಿಗೆ ಕರೆಯುವ ಕೋಚ್‌ಗಳು ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಬೇಕು. ಕಳೆದ ಬಾಲುಗಳಲ್ಲೂ ಎರಡು ಬಗೆ: ತೆರೆದಿದ್ದವನಿಗೆ ಕೊಡಲು ಹೋಗಿ ಒಂದು ಬೆರಳಷ್ಟು ತಪ್ಪಿದ್ದು, ಮತ್ತು ಡ್ರಿಬಲ್ ನಿಲ್ಲಿಸಿ ಸಿಕ್ಕಿಬಿದ್ದು ಎಸೆದದ್ದು. ಸ್ಕೋರ್ ಪುಸ್ತಕದಲ್ಲಿ ಎರಡನ್ನೂ ಬೇರೆ ಬೇರೆ ಬರೆಯಿರಿ. ತಿದ್ದಬೇಕಾದದ್ದು ಎರಡನೆಯದು.

ಇಷ್ಟೆಲ್ಲ ಪಾಸುಗಳಿಗೆ ಬೆಲೆ ಬಂದದ್ದು ಶೂಟಿಂಗ್‌ನಿಂದ. ಶಾಟ್ ಹಾಕದ ಗಾರ್ಡ್‌ನ ಡ್ರಿಬಲ್‌ಗೆ ಯಾರೂ ಹತ್ತಿರ ಬರುವುದಿಲ್ಲ. ಫೀಲ್ಡ್ ಶಾಟ್‌ನಲ್ಲಿ (ಫ್ರೀ ಥ್ರೋ ಬಿಟ್ಟು ಉಳಿದ ಎಲ್ಲ ಶಾಟ್) ಶೇ 50, ಮೂರು ಅಂಕದಲ್ಲಿ ಶೇ 40, ಫ್ರೀ ಥ್ರೋದಲ್ಲಿ ಶೇ 90, ಈ ಮೂರನ್ನೂ ಒಂದೇ ಋತುವಿನಲ್ಲಿ ದಾಟುವುದು ಅಪರೂಪ. ನ್ಯಾಶ್ ನಾಲ್ಕು ಸಲ ದಾಟಿದರು: 2005–06, 2007–08, 2008–09, 2009–10. ನಡುವಿನ 2006–07ರಲ್ಲಿ ಮೊದಲ ಎರಡು ಸುಲಭವಾಗಿ ದಾಟಿದರೂ ಫ್ರೀ ಥ್ರೋ ಶೇ 89.9ಕ್ಕೆ ನಿಂತಿತು. 247ರಲ್ಲಿ 222. ಇನ್ನೊಂದು ಬಿದ್ದಿದ್ದರೆ ಐದು ಋತು ಸತತವಾಗಿರುತ್ತಿತ್ತು. ಒಟ್ಟು ವೃತ್ತಿಜೀವನದಲ್ಲಿ 3,384 ಫ್ರೀ ಥ್ರೋಗಳಲ್ಲಿ 3,060 ಬಿದ್ದವು, ಶೇ 90.4.

ಅವರ ಫ್ರೀ ಥ್ರೋ ಕ್ರಮ ನೋಡಲು ವಿಚಿತ್ರ. ರೆಫರಿ ಬಾಲ್ ಕೊಡುವ ಮುಂಚೆಯೇ ಗೆರೆಯ ಮೇಲೆ ನಿಂತು, ಬಾಲ್ ಇಲ್ಲದೆ, ಇಡೀ ಶಾಟನ್ನು ಗಾಳಿಯಲ್ಲಿ ಮಾಡುತ್ತಿದ್ದರು. ಮೊಣಕಾಲು ಬಗ್ಗಿ, ಮೊಣಕೈ ಏರಿ, ಮಣಿಕಟ್ಟು ಮಡಚುವವರೆಗೆ. ಆಮೇಲೆ ಬಾಲ್ ಪಡೆದು ಅದೇ ಚಲನೆ. ನಮ್ಮ ನಿಯಮದಲ್ಲಿ ಬಾಲ್ ಕೈಗೆ ಬಂದ ಮೇಲೆ ಇರುವುದು ಐದೇ ಸೆಕೆಂಡು, ಎನ್‌ಬಿಎಯಲ್ಲಿ ಹತ್ತು. ತಯಾರಿಯನ್ನೆಲ್ಲ ಬಾಲ್ ಬರುವ ಮುಂಚೆಯೇ ಮುಗಿಸುವ ಈ ವಿಧಾನ ನಮಗೇ ಹೆಚ್ಚು ಹೊಂದುತ್ತದೆ. ಬಾಲಿನ ಭಾರ ಇಲ್ಲದಿದ್ದಾಗ ಮೊಣಕೈ ಒಳಗೆ ಸರಿದಿದೆಯೋ ಹೊರಗೆ ಹೋಗಿದೆಯೋ ಸ್ಪಷ್ಟವಾಗಿ ತಿಳಿಯುತ್ತದೆ.

ಅಭ್ಯಾಸದಲ್ಲಿ ಒಂದೇ ಜಾಗದಲ್ಲಿ ನಿಂತು ಐವತ್ತು ಫ್ರೀ ಥ್ರೋ ಹಾಕುವುದರಿಂದ ಪಂದ್ಯಕ್ಕೆ ಹೆಚ್ಚು ಉಪಯೋಗವಿಲ್ಲ. ಹತ್ತನೆಯದರ ಹೊತ್ತಿಗೆ ಕೈ ತಾನೇ ಲಯಕ್ಕೆ ಬಂದಿರುತ್ತದೆ, ಪಂದ್ಯದಲ್ಲಿ ಆ ಹತ್ತು ಸಿಗುವುದಿಲ್ಲ. ಎರಡು ಹಾಕಿ, ಕೋರ್ಟಿನ ಆ ತುದಿಗೆ ಓಡಿ ಬಂದು, ಮತ್ತೆ ಎರಡು. ಹೀಗೆ ಹತ್ತು ಸುತ್ತು, ಇಪ್ಪತ್ತು ಶಾಟ್, ಬಿದ್ದದ್ದನ್ನು ಬರೆದಿಡಿ. ಆಷಾಢದ ಗಾಳಿಯಲ್ಲಿ ಬಯಲು ಕೋರ್ಟಿನ ಲೆಕ್ಕ ನಂಬಬೇಡಿ. ಗಾಳಿಗೆ ಹೊಂದಿಸಿಕೊಳ್ಳಲು ಹೋಗಿ ಕೈ ಕೆಡುತ್ತದೆ. ಆ ತಿಂಗಳು ಡ್ರಿಬಲ್, ಪಾಸಿಗೆ ಸಮಯ ಕೊಡಿ, ಅಥವಾ ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣದಂಥ ಕಡೆ ಒಳಾಂಗಣದಲ್ಲಿ ಜಾಗ ಸಿಕ್ಕರೆ ಅಲ್ಲಿ ಹಾಕಿ. ಇನ್ನೊಂದು, ನಮ್ಮ ಬಯಲಿನ ರಿಂಗುಗಳು ದಪ್ಪ ಕಬ್ಬಿಣದವು, ಎಷ್ಟೋ ಕಡೆ ಬಲೆಯೂ ಇಲ್ಲ. ಚಪ್ಪಟೆಯಾಗಿ ಬಂದ ಬಾಲನ್ನು ಅವು ಒದ್ದು ಹೊರಗೆ ಹಾಕುತ್ತವೆ. ಎತ್ತರದ ಕಮಾನು, ಹಿಮ್ಮುಖ ತಿರುಗು ಇದ್ದರೆ ಮಾತ್ರ ಒಳಗೆ ಬೀಳುತ್ತದೆ. ಈ ದೃಷ್ಟಿಯಿಂದ ಅವು ಒಳ್ಳೆಯ ಗುರುಗಳೇ.

ಡಿಫೆನ್ಸ್ ಬಗ್ಗೆ ಸುಮ್ಮನಿರುವುದು ಸರಿಯಲ್ಲ. ನ್ಯಾಶ್ ಅದರಲ್ಲಿ ದುರ್ಬಲರೇ. ಟೋನಿ ಪಾರ್ಕರ್‌ನಂಥ ಚುರುಕು ಗಾರ್ಡ್ ಎದುರು ಬಂದರೆ ತಂಡ ಅವರನ್ನು ಬೇರೆಯವನ ಮೇಲೆ ಹಾಕಿ ಬಚ್ಚಿಡಬೇಕಾಗುತ್ತಿತ್ತು. ಅವರು ಒಮ್ಮೆಯೂ ಎನ್‌ಬಿಎ ಫೈನಲ್ ಆಡಲಿಲ್ಲ. ಪಶ್ಚಿಮ ವಿಭಾಗದ ಫೈನಲ್‌ನಲ್ಲಿ ನಾಲ್ಕು ಸಲ ಸೋತರು, 2003ರಲ್ಲಿ ಡಲ್ಲಾಸ್ ಪರ, 2005, 2006, 2010ರಲ್ಲಿ ಫೀನಿಕ್ಸ್ ಪರ. ಅದಕ್ಕೆ ಅವರ ಡಿಫೆನ್ಸ್ ಒಂದೇ ಕಾರಣ ಅನ್ನುವವರ ಮಾತು ಮಾತ್ರ ನಾನು ಒಪ್ಪುವುದಿಲ್ಲ. 2007ರಲ್ಲಿ ಸ್ಯಾನ್ ಆಂಟೋನಿಯೊ ವಿರುದ್ಧದ ಪ್ಲೇಆಫ್ (ಋತುವಿನ ಕೊನೆಯ ನಾಕೌಟ್) ಸರಣಿಯ ನಾಲ್ಕನೇ ಪಂದ್ಯದ ಕೊನೆಗೆ ಎದುರು ತಂಡದ ರಾಬರ್ಟ್ ಹೋರಿ ನ್ಯಾಶ್‌ರನ್ನು ಸೊಂಟದಿಂದ ತಳ್ಳಿ ಪಕ್ಕದ ಮೇಜಿಗೆ ಬೀಳಿಸಿದರು. ಸ್ಟಾಡಮೈರ್ ಮತ್ತು ಬೋರಿಸ್ ಡಿಯಾವ್ ಬೆಂಚು ಬಿಟ್ಟು ಎದ್ದು ಬಂದರು. ಅಷ್ಟಕ್ಕೇ ಇಬ್ಬರಿಗೂ ಮುಂದಿನ ಪಂದ್ಯಕ್ಕೆ ನಿಷೇಧ, 2–2ರಲ್ಲಿದ್ದ ಸರಣಿ ಕೈಬಿಟ್ಟಿತು. ನಮ್ಮ ನಿಯಮದಲ್ಲೂ ಜಗಳದ ಹೊತ್ತಿನಲ್ಲಿ ಬೆಂಚಿನ ಗಡಿ ದಾಟಿದವರು ಅನರ್ಹ. ಹುಡುಗರಿಗೆ ಇದನ್ನು ಟೂರ್ನಿಗೆ ಮುಂಚೆ ಹೇಳಿರಬೇಕು. ಆ ಬಿಸಿಯಲ್ಲಿ ಕೂಗಿ ಹೇಳಿದರೆ ಯಾರಿಗೂ ಕೇಳುವುದಿಲ್ಲ.

ಅವರ ಬೆನ್ನಿನ ತೊಂದರೆಗೆ ಸ್ಪಾಂಡಿಲೊಲಿಸ್ತೆಸಿಸ್ ಎಂದು ಹೆಸರು. ಬೆನ್ನೆಲುಬಿನ ಒಂದು ಮೂಳೆ ಕೆಳಗಿನದರ ಮೇಲೆ ಮುಂದಕ್ಕೆ ಜಾರಿರುತ್ತದೆ, ಅದನ್ನು ಹಿಡಿದಿಡಲು ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ. ಆಟದ ನಡುವೆ ಬೆಂಚಿನಲ್ಲಿ ಕೂತರೆ ಇನ್ನಷ್ಟು ಬಿಗಿಯುತ್ತವೆ. ಅದಕ್ಕೇ ಅವರು ವಿಶ್ರಾಂತಿಯ ಹೊತ್ತಿನಲ್ಲಿ ಕೋರ್ಟಿನ ಪಕ್ಕ ನೆಲದ ಮೇಲೆ ಅಂಗಾತ ಮಲಗುತ್ತಿದ್ದರು. ಹೊಟ್ಟೆ, ಸೊಂಟ, ಪಿರ್ರೆಯ ಸ್ನಾಯುಗಳನ್ನು ಬಲಪಡಿಸುವ ಕೆಲಸವನ್ನು ವರ್ಷಗಟ್ಟಲೆ ಬಿಡದೆ ಮಾಡಿದರು, ಸಕ್ಕರೆ ಬಿಟ್ಟರು. ಮೂವತ್ತೇಳರಲ್ಲೂ ಅಸಿಸ್ಟ್‌ನಲ್ಲಿ ಮೊದಲಿಗರಾಗಲು ಇದೇ ದಾರಿ ಮಾಡಿಕೊಟ್ಟಿತು. ನಮ್ಮಲ್ಲಿ ಸಿಮೆಂಟ್ ನೆಲದ ಮೇಲೆ, ತಳ ಸವೆದ ಶೂ ಹಾಕಿ ಜಿಗಿಯುವ ಹದಿನಾಲ್ಕು, ಹದಿನೈದರ ಮಕ್ಕಳು ಸೊಂಟ ನೋವು ಅನ್ನುತ್ತಾರೆ, ಎಣ್ಣೆ ತಿಕ್ಕಿ ಮತ್ತೆ ಆಡಿಸುತ್ತಾರೆ. ಹಿಂದಕ್ಕೆ ಬಾಗಿದಾಗ ಹೆಚ್ಚುವ, ಎರಡು ವಾರಕ್ಕೂ ಇಳಿಯದ ನೋವನ್ನು ಮೂಳೆ ವೈದ್ಯರಿಗೆ ತೋರಿಸಲೇಬೇಕು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದು ಕಾಲಿಗೆ ಒಳ್ಳೆಯ ಕಸರತ್ತು, ಓಡಿ ಇಳಿಯುವುದಲ್ಲ. ಇಳಿಯಲು ಬಸ್ಸಿದೆ.

ಕೊನೆಯ ವರ್ಷಗಳು ಕಷ್ಟದವು. 2012ರಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ಸೇರಿದ ಎರಡನೇ ಪಂದ್ಯದಲ್ಲೇ ಡಿಕ್ಕಿಯಾಗಿ ಎಡಗಾಲಿನ ಮೂಳೆ ಮುರಿಯಿತು. ಅಲ್ಲಿಂದ ಹುಟ್ಟಿದ ನರದ ನೋವು ಬೆನ್ನಿನವರೆಗೆ ಹೋಯಿತು. 2013–14ರಲ್ಲಿ ಆಡಿದ್ದು 15 ಪಂದ್ಯ. ಅದೇ ಋತುವಿನ ಏಪ್ರಿಲ್‌ನಲ್ಲಿ 10,335ನೇ ಅಸಿಸ್ಟ್ ಕೊಟ್ಟು ಮಾರ್ಕ್ ಜಾಕ್ಸನ್‌ರ 10,334ನ್ನು ಒಂದರಿಂದ ದಾಟಿ ಸಾರ್ವಕಾಲಿಕ ಪಟ್ಟಿಯಲ್ಲಿ ಆಗ ಮೂರನೆಯವರಾದರು. 2015ರ ಮಾರ್ಚ್‌ನಲ್ಲಿ ನಿವೃತ್ತಿ, 2018ರಲ್ಲಿ ಹಾಲ್ ಆಫ್ ಫೇಮ್. ಆಮೇಲೆ 2020ರಿಂದ 2022ರವರೆಗೆ ಬ್ರೂಕ್ಲಿನ್ ತಂಡಕ್ಕೆ ಕೋಚ್ ಆಗಿದ್ದರು, ಅದು ಬೇರೆಯದೇ ವಿಷಯ.

ಅವರ ಹಳೇ ಪಂದ್ಯಗಳ ವಿಡಿಯೊ ನೋಡುವವರು ಮುಖ್ಯಾಂಶಗಳ ಎರಡು ನಿಮಿಷದ ತುಣುಕು ಬಿಟ್ಟು ಪೂರ್ತಿ ಪಂದ್ಯ ಹುಡುಕಬೇಕು. ತುಣುಕಿನಲ್ಲಿ ಪಾಸ್ ಮಾತ್ರ ಇರುತ್ತದೆ, ಅದಕ್ಕೆ ಮುಂಚಿನ ಹತ್ತು ಸೆಕೆಂಡು ಇರುವುದಿಲ್ಲ. 2005ರಲ್ಲಿ ಹಳೇ ತಂಡ ಡಲ್ಲಾಸ್ ವಿರುದ್ಧ ಆಡಿದ ಪ್ಲೇಆಫ್ ಸರಣಿಯಿಂದ ಶುರುಮಾಡಿ. ನಾಲ್ಕನೇ ಪಂದ್ಯದಲ್ಲಿ ಡಲ್ಲಾಸ್ ಅವರ ಪಾಸಿನ ದಾರಿಗಳನ್ನು ಮುಚ್ಚಿ, ಬೇಕಾದರೆ ನೀನೇ ಹಾಕಿಕೊ ಎಂದು ಬಿಟ್ಟಿತು. ಅವರು 48 ಅಂಕ ಹಾಕಿದರು, ತಂಡ ಸೋತಿತು. ಆರನೇ ಪಂದ್ಯದಲ್ಲಿ 39 ಅಂಕ, 12 ಅಸಿಸ್ಟ್, ತಂಡ ಹೆಚ್ಚುವರಿ ಅವಧಿಯಲ್ಲಿ ಗೆದ್ದು ಸರಣಿ ಮುಗಿಸಿತು. ಎರಡನ್ನೂ ಒಂದರ ಹಿಂದೆ ಒಂದು, ದನಿ ಕಡಿಮೆ ಮಾಡಿ, ಬಾಲನ್ನು ಬಿಟ್ಟು ಡಲ್ಲಾಸ್‌ನ ಸೆಂಟರ್‌ನ ಕಾಲುಗಳನ್ನಷ್ಟೇ ನೋಡಿ: ಯಾವಾಗ ಮುಂದೆ ಬರುತ್ತಾನೆ, ಯಾವಾಗ ಹಿಂದೆ ಸರಿಯುತ್ತಾನೆ, ಆ ಹೊತ್ತಿಗೆ ನ್ಯಾಶ್ ಕೈ ಎಲ್ಲಿದೆ. ಆರನೇ ಪಂದ್ಯದ ನಿಗದಿತ ಅವಧಿಯ ಕೊನೆಯ ಸೆಕೆಂಡುಗಳಲ್ಲಿ, ಮೂರು ಅಂಕದಿಂದ ಹಿಂದಿದ್ದಾಗ, ಜೇಸನ್ ಟೆರಿ ಹಿಂದೆ ಹಿಂದೆ ಸರಿಯುತ್ತ ಜಾಗ ಬಿಡುತ್ತಾರೆ. ನ್ಯಾಶ್ ಡ್ರಿಬಲ್ ನಿಲ್ಲಿಸದೆ ಅಷ್ಟು ದೂರ ನಡೆದು ಬಂದು ಮೂರು ಅಂಕದ ಶಾಟ್ ಹಾಕಿ ಸಮ ಮಾಡುತ್ತಾರೆ. ಆ ನಡಿಗೆಯನ್ನು ನಿಧಾನಗತಿಯಲ್ಲಿ ಎರಡು ಮೂರು ಸಲ ತಿರುಗಿಸಿ ನೋಡಿ.